ಎರಡನೇ ಬೆಲ್ಟಿನ ಅತ್ತಿಗೆ

ಕೋಳಿ ಮಾಂಸದ ಫ್ಯಾಕ್ಟರಿಯಲ್ಲಿ ನಾನು ಒಂಬತ್ತು ವರ್ಷ ಕೆಲಸ ಮಾಡಿದೆ. ಅಲ್ಲಿಗೆ ಕರೆದುಕೊಂಡು ಹೋದವರು ನನ್ನ ಅತ್ತಿಗೆ, ಅಣ್ಣನ ಹೆಂಡತಿ. ಗಂಡ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ ಮೇಲೆ ನಾಲ್ಕು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಣ್ಣನ ಮನೆ ಬಾಗಿಲಿಗೆ ಬಂದು ನಿಂತಿದ್ದೆ. ಅಣ್ಣ ಗೋಡೆಗೆ ಬಣ್ಣ ಹೊಡೆಯುವವನು. ಕೆಲಸ ಇದ್ದ ದಿನ ಉಂಟು, ಇಲ್ಲದ ದಿನ ಇಲ್ಲ. ಅವನು ಬಾಗಿಲಲ್ಲೇ ತಲೆ ಕೆರೆದುಕೊಳ್ಳುತ್ತ ನಿಂತ. ಅತ್ತಿಗೆ ಒಳಗಿನಿಂದ ಬಂದು ಮಗುವನ್ನು ನನ್ನ ಸೊಂಟದಿಂದ ಎತ್ತಿಕೊಂಡರು. "ಚಪ್ಪಲಿ ಬಿಟ್ಟು ಒಳಗೆ ಬಾ" ಎಂದರು. ಅಷ್ಟೇ. ಎಷ್ಟು ದಿನ ಇರುತ್ತೀಯ ಅಂತ ಆಮೇಲೂ ಯಾವತ್ತೂ ಕೇಳಲಿಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಒಂದು ವಾರದಲ್ಲಿ ನನ್ನ ಮಗಳು ರಾತ್ರಿ ಅವರ ಮಗ್ಗುಲಿಗೇ ಹೋಗಿ ಮಲಗಲು ಶುರು ಮಾಡಿದಳು. ತಿಂಗಳಾದ ಮೇಲೆ ಅತ್ತಿಗೆ ಕೇಳಿದರು, "ನಮ್ಮ ಫ್ಯಾಕ್ಟರಿಗೆ ಬರ್ತೀಯಾ? ಚಳಿ ತಡಕೋಬೇಕು, ವಾಸನೆ ತಡಕೋಬೇಕು. ಬೈಗುಳ ಬೇರೆ."

"ಗಂಡನ ಮನೆಯಲ್ಲಿ ಮೂರನ್ನೂ ತಡಕೊಂಡಿದ್ದೀನಲ್ಲ" ಅಂದೆ. ಅತ್ತಿಗೆ ನಕ್ಕರು.

ಚಳಿ ಅಂದರೆ ಏನು ಅಂತ ನನಗೆ ಗೊತ್ತಿಲ್ಲ ಅನ್ನುವುದು ಮೊದಲ ದಿನವೇ ಗೊತ್ತಾಯಿತು. ನಮ್ಮದು ಎಲುಬು ಬಿಡಿಸುವ ಕೋಣೆ. ಕೋಳಿ ಕೊಯ್ಯುವುದು, ಪುಕ್ಕ ಕೀಳುವುದು, ಕರುಳು ತೆಗೆಯುವುದು ಎಲ್ಲ ಗೋಡೆಯ ಆಚೆ. ಐಸ್ ನೀರಿನ ತೊಟ್ಟಿಯಲ್ಲಿ ಮುಳುಗೆದ್ದು ಬಂದ ತೊಡೆಗಳು ಬಿಳಿ ಬೆಲ್ಟಿನ ಮೇಲೆ ನಮ್ಮ ಮುಂದೆ ಸಾಲಾಗಿ ಬರುತ್ತಿದ್ದವು. ಎಡಗೈಗೆ ಉಕ್ಕಿನ ಬಲೆಯ ಕೈಗವಸು, ಬಲಗೈಯಲ್ಲಿ ಚಾಕು. ಎಲುಬಿನ ಉದ್ದಕ್ಕೂ ಒಂದು ಗೀರು, ಕೀಲಿನ ಸುತ್ತ ಒಂದು ಸುತ್ತು, ಎಲುಬು ಹಿಡಿದು ಒಂದು ಎಳೆತ. ಮಾಂಸ ಒಂದು ಕಡೆ, ಎಲುಬು ಒಂದು ಕಡೆ. ಮತ್ತೆ ಇನ್ನೊಂದು. ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಅದೇ ಮೂರು ಕೆಲಸ. ಮನೆಗೆ ಬಂದರೆ ಬೆರಳುಗಳು ಚಾಕು ಹಿಡಿದ ಹಾಗೆಯೇ ಮಡಚಿಕೊಂಡಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ, ಒಂದೊಂದಾಗಿ ಬಿಡಿಸಿಕೊಳ್ಳಬೇಕು.

ನಾವು ನಿಲ್ಲುತ್ತಿದ್ದ ಎರಡನೇ ಬೆಲ್ಟಿನಲ್ಲಿ ಅತ್ತಿಗೆಯಷ್ಟು ಚುರುಕು ಯಾರೂ ಇರಲಿಲ್ಲ. ನಾನು ಒಂದು ತೊಡೆ ಮುಗಿಸುವಷ್ಟರಲ್ಲಿ ಅವರದು ಮೂರು. ಎಲುಬಿನ ಮೇಲೆ ಒಂದು ಎಳೆ ಮಾಂಸ ಉಳಿಯುತ್ತಿರಲಿಲ್ಲ. "ಚಾಕುವನ್ನ ಒತ್ತಬೇಡ, ಅದಕ್ಕೆ ದಾರಿ ಗೊತ್ತು, ನೀನು ಸುಮ್ಮನೆ ಜೊತೆಗೆ ಹೋಗು" ಎಂದು ಹೇಳಿಕೊಟ್ಟರು. ಅವರ ಪಕ್ಕದಲ್ಲೇ ನನಗೆ ಜಾಗ ಕೊಡಿಸಿದ್ದರು. ಬೆಲ್ಟಿನ ತುದಿಯಲ್ಲಿ ನಿಲ್ಲುತ್ತಿದ್ದ ಹೆಂಗಸಿಗೆ ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಬಾಯಿಗೆ ಬೀಗವೇ ಇಲ್ಲದವಳು. ಕೆಲಸ ಮುಗಿಸಿ ಬಸ್ಸು ಹತ್ತಿದರೆ ನಮ್ಮ ಮೈಯ ವಾಸನೆಗೆ ಜನ ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು. ರೇಡಿಯೋ ಕಾಲು ಚಾಚಿ ಕೂತು, "ನೋಡ್ರೇ, ಮಂತ್ರಿಗಳಿಗೂ ಇಷ್ಟು ಮರ್ಯಾದೆ ಇಲ್ಲ" ಅನ್ನುತ್ತಿದ್ದಳು. ನಗುತ್ತಿದ್ದೆವು. ಕಿಟಕಿ ಕಡೆ ಮುಖ ತಿರುಗಿಸಿ ಅತ್ತದ್ದೂ ಇದೆ.

ನಮ್ಮ ಮೇಲ್ವಿಚಾರಕನಿಗೆ ಹೆಂಗಸರು ಇಟ್ಟ ಹೆಸರು ಗಡಿಯಾರ. ಬಚ್ಚಲಿಗೆ ಹೋದರೂ ಹಿಂದೆಯೇ ಕೈಗಡಿಯಾರ ನೋಡುತ್ತ ನಿಲ್ಲುವ ಆಸಾಮಿ. ನಾನು ಸೇರಿದ ಮೂರನೇ ವರ್ಷ ಯಾವುದೋ ದೊಡ್ಡ ಆರ್ಡರ್ ಬಂತು. ಗಡಿಯಾರ ಬೆಲ್ಟಿನ ವೇಗ ಏರಿಸಿದ. ವೇಗದ ಗುಂಡಿಯನ್ನು ಮೊದಲು ಒಂದು ಗೆರೆ ತಿರುಗಿಸಿದ, ಎರಡು ದಿನ ಬಿಟ್ಟು ಇನ್ನೊಂದು. "ಸರ್, ಕೈ ನಿಲ್ತಾ ಇಲ್ಲ" ಎಂದು ಅತ್ತಿಗೆಯೇ ಹೋಗಿ ಹೇಳಿದರು. "ನಿನ್ನ ಕೈ ನಿಲ್ಲೋದು ಬೇಡಮ್ಮ, ಓಡಲಿ" ಎಂದ.

ಅವತ್ತು ನನ್ನ ಮುಂದೆ ತೊಡೆಗಳು ಗುಡ್ಡೆ ಬಿದ್ದಿದ್ದವು. ರಾತ್ರಿಯೆಲ್ಲ ಮಗಳಿಗೆ ಜ್ವರ, ನನಗೆ ನಿದ್ದೆ ಇರಲಿಲ್ಲ. ಗುಡ್ಡೆ ಬೆಳೆದು ನೆಲಕ್ಕೆ ಬೀಳತೊಡಗಿದರೆ ಗಡಿಯಾರ ಬರುತ್ತಾನೆ ಎಂಬ ಭಯಕ್ಕೆ ಕೂಗಿದೆ, "ಅತ್ತಿಗೆ, ಒಂಚೂರು ಕೈ ಹಾಕಿ!" ಅತ್ತಿಗೆ ತಮ್ಮ ಚಾಕು ಕೆಳಗಿಟ್ಟು, ನನ್ನ ರಾಶಿಯಿಂದ ಒಂದಷ್ಟನ್ನು ತಮ್ಮ ಕಡೆ ಎಳೆದುಕೊಳ್ಳಲು ಬಲಗೈ ಚಾಚಿದರು. ಆ ಕೈಗೆ ಬಲೆ ಇಲ್ಲ. ನಾನು ನೋಡಲಿಲ್ಲ. ಕೀಲಿನ ಸುತ್ತ ತಿರುಗಿಸಿ ಎಳೆದ ನನ್ನ ಚಾಕು ಜಾರಿ ಅವರ ಮಣಿಕಟ್ಟಿನ ಒಳಭಾಗಕ್ಕೆ ಇಳಿಯಿತು.

ಅವರು ಕಿರುಚಲಿಲ್ಲ. "ಅಯ್ಯೋ" ಅಂತ ಮೆಲ್ಲಗೆ ಅಂದರು, ಏನೋ ಮರೆತು ಬಂದವರ ಹಾಗೆ. ಕಿರುಚಿದವಳು ರೇಡಿಯೋ. ಬೆಲ್ಟು ಆಗಲೂ ಓಡುತ್ತಲೇ ಇತ್ತು. ಅವಳು ಎರಡನೇ ಸಲ ಕೂಗಿದ ಮೇಲೆ ನಿಂತಿತು. ಅತ್ತಿಗೆಯ ಕೈಗೆ ಏಪ್ರನ್ ಸುತ್ತಿ ಹೊರಗೆ ಕರೆದುಕೊಂಡು ಹೋದರು. ನಾನು ಹಿಂದೆ ಹೊರಟರೆ ಗಡಿಯಾರ ತಡೆದ. ರಕ್ತ ತಾಗಿದ ಮಾಂಸವನ್ನೆಲ್ಲ ಕಸದ ಡಬ್ಬಕ್ಕೆ ಸುರಿದರು, ಪೈಪು ಹಿಡಿದು ಬೆಲ್ಟು ತೊಳೆದರು. ಇಪ್ಪತ್ತು ನಿಮಿಷದಲ್ಲಿ ತೊಡೆಗಳು ಮತ್ತೆ ಬಂದವು. ನನ್ನ ಕೈಗೆ ಬೇರೆ ಚಾಕು ಕೊಟ್ಟರು. ನಾನು ಕೊಯ್ದೆ.

ಮಾರನೇ ದಿನ ಆಫೀಸಿಗೆ ಕರೆಸಿದರು. ಬೆಚ್ಚಗಿನ ಕೋಣೆ, ಮೂರು ವರ್ಷದಲ್ಲಿ ನಾನು ಅಲ್ಲಿ ಕಾಲಿಟ್ಟದ್ದು ಅದೇ ಮೊದಲು. ಗುಮಾಸ್ತ ನನ್ನ ಹೇಳಿಕೆ ಅಂತ ಒಂದು ಕಾಗದ ಟೈಪ್ ಮಾಡಿ ಇಟ್ಟಿದ್ದ. ಗಡಿಯಾರ ಓದಿ ಹೇಳಿದ: ಬೆಲ್ಟಿನ ವೇಗ ಎಂದಿನಂತೆ ಇತ್ತು. ಗಾಯಗೊಂಡವರು ಯಾರೂ ಕರೆಯದೆ, ತಮ್ಮ ಜಾಗ ಬಿಟ್ಟು ಪಕ್ಕದವರ ಜಾಗಕ್ಕೆ ಕೈ ಚಾಚಿದರು. ಇದು ನಿಯಮಕ್ಕೆ ವಿರುದ್ಧ.

"ನಾನೇ ಕರೆದೆ ಸರ್" ಅಂದೆ.

"ಕರೆದೆ ಅಂದ್ರೆ ನಿನ್ನ ತಪ್ಪು. ಚಾಕು ಯಾರದ್ದು? ನಿಂದು. ಹಾಗೆ ಬರೀಲಾ?" ಸಿಟ್ಟಿಲ್ಲದೆ, ಚಿಕ್ಕ ಮಗುವಿಗೆ ಲೆಕ್ಕ ಹೇಳಿಕೊಡುವವನ ಹಾಗೆ ಹೇಳಿದ. "ಹಾಗೆ ಬರೆದ್ರೆ ನೀನೂ ಮನೆಗೆ, ಅವಳೂ ಮನೆಗೆ. ಒಂದೇ ಮನೆ ಅಲ್ವಾ ನಿಮ್ಮದು? ಒಬ್ಬರಾದ್ರೂ ದುಡೀಲಿ. ನಿಂಗೆ ಮಗು ಬೇರೆ ಇದೆ."

ಗುಮಾಸ್ತ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟ. ಮಗಳ ಶಾಲೆಯ ನೀಲಿ ಲಂಗ ಕಣ್ಣಿಗೆ ಬಂತು, ಅಣ್ಣನ ಕೆಲಸವಿಲ್ಲದ ದಿನಗಳು ಬಂದವು. ಅತ್ತಿಗೆಯ ಮುಖ ಮಾತ್ರ ಬರಲಿಲ್ಲ. ನಾನೇ ಬರಗೊಡಲಿಲ್ಲವೋ ಏನೋ. ಸಹಿ ಹಾಕಿದೆ.

ಆಸ್ಪತ್ರೆಯಲ್ಲಿ ಅತ್ತಿಗೆಯ ತುಂಡಾಗಿದ್ದ ನರಗಳನ್ನು ಡಾಕ್ಟರು ಸೇರಿಸಿ ಹೊಲಿದಿದ್ದರು. ಹೆಬ್ಬೆರಳು, ಕಿರುಬೆರಳು ಉಳಿದವು. ನಡುವಿನ ಮೂರು ಬೆರಳು ಮಡಚುವುದನ್ನು ಮರೆತವು. ಮನೆಗೆ ಬಂದ ಮೇಲೆ ಅತ್ತಿಗೆ ಮಗಳಿಗೆ ಜಡೆ ಹಾಕಲು ಕೂತರು. ಮೂರು ಸಲ ಹೆಣೆದರು, ಮೂರು ಸಲವೂ ಕೂದಲು ಬೆರಳಿನಿಂದ ಜಾರಿತು. "ನಿಮ್ಮಮ್ಮನ ಹತ್ರ ಹೋಗು ಪುಟ್ಟಿ" ಎಂದು ಬಾಚಣಿಗೆ ಕೆಳಗಿಟ್ಟರು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ನೆಪ ಮಾಡಿಕೊಂಡು ನಿಂತಿದ್ದೆ.

ಪರಿಹಾರಕ್ಕೆ ಅರ್ಜಿ ಹಾಕಿ ಎರಡು ತಿಂಗಳಿಗೆ ಫ್ಯಾಕ್ಟರಿಯಿಂದ ದಪ್ಪ ಲಕೋಟೆ ಬಂತು. ಅತ್ತಿಗೆ ಎಡಗೈಯಿಂದ ಹರಿದು, ಕಿಟಕಿಯ ಹತ್ತಿರ ನಿಂತು ಓದಿದರು. ಒಂದು ಹಾಳೆ, ಅದರ ಹಿಂದೆ ಇನ್ನೊಂದು. ಆ ಎರಡನೆಯದು ಯಾವುದು ಅಂತ ದೂರದಿಂದಲೇ ನನಗೆ ಗೊತ್ತಾಯಿತು.

"ಏನಂತೆ?" ಅಣ್ಣ ಕೇಳಿದ.

"ಕೊಡಲ್ವಂತೆ. ನಂದೇ ತಪ್ಪಂತೆ."

"ಅದು ಹೆಂಗೆ ನಿಂದೇ ತಪ್ಪಾಗುತ್ತೆ? ಯಾರಾದ್ರೂ ನೋಡಿದೋರು ಹೇಳಬೇಕಲ್ಲ?" ಅಣ್ಣ ಕೈ ಚಾಚಿದ. ಅತ್ತಿಗೆ ಕಾಗದ ಕೊಡಲಿಲ್ಲ. ಮಡಚಿ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟರು. ನನ್ನ ಕಡೆ ನೋಡಲೂ ಇಲ್ಲ. "ಊಟಕ್ಕೆ ಏಳಿ" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮೊದಲಿನ ಹಾಗೆಯೇ ಇದ್ದರು, ನನ್ನ ತಟ್ಟೆಗೆ ಮೊದಲಿನ ಹಾಗೆಯೇ ಬಡಿಸಿದರು, ಎಡಗೈಯಲ್ಲಿ. ನೋಡಿದರೋ ಇಲ್ಲವೋ, ಸಹಿ ಗುರುತಾಯಿತೋ ಇಲ್ಲವೋ ಅಂತ ನಾನೇ ಒಳಗೊಳಗೆ ಬೇಯುತ್ತಿದ್ದೆ. ಅಷ್ಟರಲ್ಲಿ ಫ್ಯಾಕ್ಟರಿಯವರು ನನ್ನನ್ನು ಚಳಿ ಕೋಣೆಯಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಅಲ್ಲಿ ಕೂರಲು ಸ್ಟೂಲು ಉಂಟು. ಯಾಕೆ ಹಾಕಿದರು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬಸ್ಸಿನಲ್ಲಿ ರೇಡಿಯೋ ನನ್ನ ಪಕ್ಕದಲ್ಲಿ ಕೂರುವುದು ಬಿಟ್ಟಳು. ಊರಿಗೆಲ್ಲ ಮಾತು ಹಂಚುತ್ತಿದ್ದವಳು ನನಗೆ ಒಂದು ಮಾತೂ ಉಳಿಸಲಿಲ್ಲ.

ವರ್ಷ ಕಳೆಯುವಷ್ಟರಲ್ಲಿ ನಾನು ಎರಡು ಬೀದಿ ಆಚೆ ಒಂದು ಕೋಣೆ ಹಿಡಿದೆ. ಫ್ಯಾಕ್ಟರಿಗೆ ಹತ್ತಿರ ಅಂತ ಅಣ್ಣನಿಗೆ ಸುಳ್ಳು ಹೇಳಿದೆ, ಹತ್ತಿರವೇನೂ ಇರಲಿಲ್ಲ. ಅತ್ತಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ಚೀಟಿ ಕೊಡುವ ಕೆಲಸಕ್ಕೆ ಸೇರಿದರು. ಮಗಳು ಶಾಲೆ ಬಿಟ್ಟೊಡನೆ ಅಲ್ಲಿಗೇ ಓಡುತ್ತಿದ್ದಳು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ, ಹವೆಯ ಮಾತು, ಬೇಳೆಯ ಮಾತು ಆಡಿ ಬರುತ್ತಿದ್ದೆ. ಹೇಳಬೇಕಾದ ಮಾತು ಬಾಯಿಗೆ ಬಂದು ನಾಲಿಗೆ ಮೇಲೆಯೇ ಆರುತ್ತಿತ್ತು. ಐದು ವರ್ಷ ಹೀಗೇ ಹೋಯಿತು.

ಒಂದು ಬೆಳಗ್ಗೆ ಬಸ್ಸಿಳಿದರೆ ಫ್ಯಾಕ್ಟರಿ ಗೇಟಿಗೆ ಬೀಗ. ಗೋಡೆಗೆ ಅಂಟಿಸಿದ ಕಾಗದದಲ್ಲಿ ಎರಡು ಸಾಲು: ಇಂದಿನಿಂದ ಕೆಲಸ ಇಲ್ಲ. ಗಡಿಯಾರ ಕೂಡ ನಮ್ಮ ಜೊತೆ ಹೊರಗೇ ನಿಂತಿದ್ದ. ಅವನಿಗೂ ಮೊದಲೇ ಹೇಳಿರಲಿಲ್ಲವಂತೆ. ಹೆಂಗಸರು ಬೈಯುತ್ತಿದ್ದರು, ಕೆಲವರು ಅಳುತ್ತಿದ್ದರು. ನನಗೆ ಎರಡೂ ಬರಲಿಲ್ಲ. ಈ ಕೆಲಸ ಉಳಿಸಿಕೊಳ್ಳಲು ಏನು ಮಾಡಿದ್ದೆ ಅನ್ನುವುದು ಮಾತ್ರ ತಲೆಯಲ್ಲಿ ಸುತ್ತುತ್ತಿತ್ತು. ಅಲ್ಲಿಂದ ನೇರ ಅತ್ತಿಗೆಯ ಮನೆಗೆ ನಡೆದೆ.

ಅವರು ಅಂಗಡಿಗೆ ಹೊರಡಲು ಸಿದ್ಧವಾಗುತ್ತಿದ್ದರು. ಬಾಗಿಲಲ್ಲೇ ಹೇಳಿಬಿಟ್ಟೆ. "ಅತ್ತಿಗೆ, ಆ ಕಾಗದಕ್ಕೆ ಸಹಿ ಹಾಕಿದ್ದು ನಾನು."

"ಗೊತ್ತು" ಅಂದರು, ಎಡಗೈಯಲ್ಲಿ ರವಿಕೆಯ ಗುಂಡಿ ಹಾಕಿಕೊಳ್ಳುತ್ತ. "ಓದೋಕೆ ಬರುತ್ತಲ್ಲ ನಂಗೆ."

"ಅಣ್ಣಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವರು ನಿನ್ನ ಆಚೆ ಹಾಕ್ತಿದ್ರು. ಮಗು ಎಲ್ಲಿಗೆ ಹೋಗ್ತಿತ್ತು?"

"ನೀವಾಗಿದ್ರೆ ಏನು ಮಾಡ್ತಿದ್ರಿ?" ಕೇಳಬಾರದಿತ್ತು. ನೀನು ಮಾಡಿದ್ದು ಸರಿ ಅಂತ ಅವರ ಬಾಯಿಂದ ಕೇಳುವ ಆಸೆ.

ಅತ್ತಿಗೆ ಕೊನೆಯ ಗುಂಡಿ ಹಾಕಿ ಮುಗಿಸಿದರು. "ನಾನು ಸಹಿ ಹಾಕ್ತಿರಲಿಲ್ಲ" ಅಂದರು. "ಆದ್ರೆ ನಂಗೆ ಮಗು ಇರಲಿಲ್ಲ. ಹೇಳೋದು ಸುಲಭ." ಚಪ್ಪಲಿ ಮೆಟ್ಟಿಕೊಂಡರು. "ಸಹಿ ಹೋಗಲಿ ಬಿಡು. ಅವತ್ತು ಸಾಯಂಕಾಲ ಆಸ್ಪತ್ರೆಗೆ ಬಂದು, ಹೀಗೆ ಮಾಡಿಬಿಟ್ಟೆ ಅತ್ತಿಗೆ ಅಂತ ಅಂದಿದ್ರೆ ಸಾಕಿತ್ತು. ದಿನಾ ಕಾದೆ ನಾನು, ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ. ಆಮೇಲೆ ಕಾಯೋದು ಬಿಟ್ಟೆ." ಬಾಗಿಲು ಎಳೆದುಕೊಂಡು ಕೆಲಸಕ್ಕೆ ಹೋದರು. ನಾನು ಮೆಟ್ಟಿಲ ಮೇಲೆ ಕೂತೆ.

ಆ ವಾರವೇ ಕಾರ್ಮಿಕ ಇಲಾಖೆಯ ಕಚೇರಿ ಹುಡುಕಿಕೊಂಡು ಹೋದೆ. ನಡೆದದ್ದನ್ನು ನಡೆದ ಹಾಗೆ ಎರಡು ಹಾಳೆಯಲ್ಲಿ ಬರೆದಿದ್ದೆ. ಅಲ್ಲಿನ ಅಧಿಕಾರಿ, ನನ್ನ ವಯಸ್ಸಿನ ಹೆಂಗಸು, ಕನ್ನಡಕ ಏರಿಸಿ ಓದಿದರು. "ಅವಧಿ ಮುಗಿದಿದೆಯಮ್ಮ. ಫ್ಯಾಕ್ಟರಿಯೂ ಮುಚ್ಚಿದೆ. ಇದರಿಂದ ಯಾರಿಗೂ ಏನೂ ಸಿಗಲ್ಲ."

"ಗೊತ್ತು ಮೇಡಂ. ತಗೊಳ್ಳಿ."

ಅವರು ಒಂದು ಪ್ರತಿಯನ್ನು ಫೈಲಿಗೆ ಸೇರಿಸಿದರು. ಇನ್ನೊಂದಕ್ಕೆ ಮೊಹರು ಒತ್ತಿ ನನಗೆ ಕೊಟ್ಟರು.

ಅದನ್ನು ಅತ್ತಿಗೆಯ ಅಂಗಡಿಗೆ ತೆಗೆದುಕೊಂಡು ಹೋದೆ. ಗಿರಾಕಿಗಳು ಇರಲಿಲ್ಲ. ಇಸ್ತ್ರಿಯ ಹಬೆಗೆ ಗಾಜೆಲ್ಲ ಮಂಜಾಗಿತ್ತು. ಅವರು ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟುಕೊಂಡು ಪೂರ್ತಿ ಓದಿದರು.

"ಒಂಬತ್ತೂವರೆ ಅಂತ ಬರೆದಿದ್ದೀಯ" ಅಂದರು. "ಟೀ ಕುಡಿದು ಬಂದ ಮೇಲಲ್ವಾ ಆಗಿದ್ದು? ಹತ್ತೂಕಾಲು."

"ಹೌದಾ?"

"ಇನ್ನೊಂದು. ಒಂದು ಸಲ ಕರೆದೆ ಅಂತಿದೆ. ಎರಡು ಸಲ ಕರೆದೆ ನೀನು. ಮೊದಲನೇ ಸಲ ನಾನು ಕೇಳಿಸದ ಹಾಗೆ ಇದ್ದೆ. ನನ್ನ ಮುಂದೂ ರಾಶಿ ಇತ್ತು."

ನನಗೆ ಅದು ನೆನಪೇ ಇರಲಿಲ್ಲ. ಅವರು ಚೀಟಿ ಬರೆಯುವ ಪೆನ್ನನ್ನು ನನ್ನ ಕಡೆ ತಳ್ಳಿದರು. ತಿದ್ದಿದೆ. ಮಾರನೇ ದಿನ ಮತ್ತೆ ಕಚೇರಿಗೆ ಹೋಗಿ, ಆ ಮೇಡಂ ಗೊಣಗಿದರೂ ಬಿಡದೆ, ಅಲ್ಲಿದ್ದ ಪ್ರತಿಯಲ್ಲೂ ತಿದ್ದಿ ಬಂದೆ.