ಬದಲಿ ಸದಸ್ಯ

ನನ್ನನ್ನು ಆ ಸಮಿತಿಗೆ ಸೇರಿಸಿಕೊಂಡದ್ದು ನನಗೆ ಏನೂ ಗೊತ್ತಿಲ್ಲ ಎಂಬ ಕಾರಣಕ್ಕೆ. ತಮಾಷೆಯಲ್ಲ. ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಮನುಷ್ಯರ ಮೇಲೆ ಏನೇ ಪ್ರಯೋಗ ಮಾಡಬೇಕೆಂದರೂ ನೈತಿಕ ಸಮಿತಿ ಒಪ್ಪಬೇಕು. ಆ ಸಮಿತಿಯಲ್ಲಿ ಡಾಕ್ಟರೂ ಅಲ್ಲದ, ವಕೀಲರೂ ಅಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಕೂತಿರಲೇಬೇಕು, ಇಲ್ಲದಿದ್ದರೆ ಕೋರಂ ಇಲ್ಲ, ಸಭೆಯೂ ಇಲ್ಲ. ಪುಣೆಯಲ್ಲಿ ತಾನು ಸಾಮಾನ್ಯ ಎಂದು ಒಪ್ಪಿಕೊಳ್ಳುವವರು ಸಿಗುವುದು ಕಷ್ಟ, ಹಾಗಾಗಿ ನನ್ನನ್ನು ಹಿಡಿದರು. ವಿದ್ಯುತ್ ಮಂಡಳಿಯ ದೂರಿನ ಕಿಟಕಿಯ ಹಿಂದೆ ಇಡೀ ನೌಕರಿ ಕಳೆದವಳು, ಊರವರ ಬೈಗುಳವನ್ನೆಲ್ಲ ನುಂಗಿದವಳು. ಸಾಬೂದಾಣಿ ಖಿಚಡಿ ತಿಂದು ಸಹಿ ಹಾಕಿ ಮನೆಗೆ ಹೋಗುತ್ತಾಳೆ ಅಂದುಕೊಂಡಿದ್ದರು.

ಮಕ್ಕಳ ವಿಭಾಗದ ಡಾ. ಖಾಂಬೇಟೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ರಕ್ತ ಕಡಿಮೆಯಿರುವ ಮಕ್ಕಳಿಗೆ ಹೊಸದೊಂದು ಇಂಜೆಕ್ಷನ್ ಕೊಟ್ಟು ನೋಡಬೇಕೆಂದು ಅವನು ಅರ್ಜಿ ಹಾಕಿದ್ದ. ಮಕ್ಕಳು ಎಲ್ಲಿಯವರು? ಬೀಡ್ ಕಡೆಯ ಒಂದು ಹಾಸ್ಟೆಲಿನವರು. ಅಪ್ಪ ಅಮ್ಮ ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯಲು ಕೊಲ್ಹಾಪುರದ ಕಡೆ ಹೋದರೆ ಯುಗಾದಿಯ ಪಾಡವಾ ಹೊತ್ತಿಗೆ ಮರಳುತ್ತಾರೆ. ಅಲ್ಲಿಯವರೆಗೆ ಮಕ್ಕಳಿಗೆ ಹಾಸ್ಟೆಲೇ ಗತಿ. ಖಾಂಬೇಟೆಗೆ ಅಷ್ಟು ದಿನ ಕಾಯಲು ಮನಸ್ಸಿಲ್ಲ, ಮಾರ್ಚ್ ಮುಗಿದರೆ ಅನುದಾನ ವಾಪಸ್ ಹೋಗುತ್ತದೆ. ಹಾಗಾಗಿ ಹೆತ್ತವರ ಒಪ್ಪಿಗೆ ಇರಬೇಕಾದ ಕಡೆಯಲ್ಲೆಲ್ಲ ವಾರ್ಡನ್ನನ ಸಹಿ.

ಆ ಅರ್ಜಿಗಾಗಿ ಕರೆದ ಇವತ್ತಿನ ಸಭೆ ಮುರಿದುಬಿದ್ದರೆ ಮುಂದಿನದು ಪಾಡವಾ ಆದ ಮೇಲೆ. ಅಷ್ಟರಲ್ಲಿ ತಾಯಂದಿರು ಬಂದಿರುತ್ತಾರೆ, ಅವರನ್ನು ಕೂರಿಸಿಕೊಂಡು ಕೇಳಲೇಬೇಕಾಗುತ್ತದೆ. ನನಗೆ ಬೇಕಾಗಿದ್ದು ಅಷ್ಟೇ.

ನಾನು ಸುಮ್ಮನೆ ಹಟಕ್ಕೆ ಬಿದ್ದಿರಲಿಲ್ಲ. ಹಾಸ್ಟೆಲಿಗೆ ಹೋಗಿ ಬಂದಿದ್ದೆ. ಅಲ್ಲಿ ಸೋನಿ ಎಂಬ ಹುಡುಗಿಗೆ ಅಮ್ಮನ ಫೋನ್ ನಂಬರು ಬಾಯಿಪಾಠವಿತ್ತು. ಅಮ್ಮ ಠಕೂಬಾಯಿಗೆ ಫೋನ್ ಮಾಡಿ ವಿಷಯ ಹೇಳಿದರೆ ಆಕೆ ಕಿರುಚಿಯೇಬಿಟ್ಟಳು. ಹೋದ ವರ್ಷ ಯಾವುದೋ ಸೂಜಿ ಚುಚ್ಚಿಸಿದಾಗ ಸೋನಿಯ ಮುಖ ಊದಿ, ಉಸಿರು ಸಿಕ್ಕಿಕೊಂಡು, ಸಾಯುವ ಹಾಗಾಗಿತ್ತಂತೆ. ವಾರ್ಡನ್ನನಿಗೆ ಇದು ಗೊತ್ತೇ ಇಲ್ಲ.

ಸಭೆಯಲ್ಲಿ ಅದನ್ನೇ ಹೇಳಿದೆ. ಅಲ್ಲಿ ಎಲ್ಲರಿಗೂ ನಾನು ಕಾಕು, ಅಂದರೆ ಚಿಕ್ಕಮ್ಮ.

“ಸರಿ ಕಾಕು, ಆ ಒಬ್ಬಳನ್ನ ಬಿಟ್ಟುಬಿಡೋಣ. ಆಯ್ತಲ್ಲ?” ಅಂದ ಖಾಂಬೇಟೆ, ತರಕಾರಿಯವಳ ಹತ್ತಿರ ಚೌಕಾಸಿ ಮುಗಿಸಿದ ಹಾಗೆ.

“ಮಿಕ್ಕವರದ್ದು? ಅವರವರ ಅಮ್ಮಂದಿರಿಗೆ ಏನೇನು ಗೊತ್ತೋ ನಿಮಗೇನು ಗೊತ್ತು?”

“ಅವರು ಎಲ್ಲಿ ಸಿಗ್ತಾರೆ ಹೇಳಿ! ಇವತ್ತು ಈ ಗದ್ದೆ, ನಾಳೆ ಆ ಗದ್ದೆ. ನಾನು ಕಬ್ಬಿನೊಳಗೆ ನುಗ್ಗಿ ಹುಡುಕ್ಲಾ?”

“ಸಕ್ಕರೆ ಕಾರ್ಖಾನೆಯವರ ಟ್ರಾಕ್ಟರ್ ದಿನಾ ಹೋಗಿ ಬರುತ್ತೆ. ನಿಮ್ಮ ಕಾರು ಹೋಗಲ್ವಾ?”

“ಕಾಕು, ಇದು ಕರೆಂಟ್ ಹೋಯ್ತು ಅನ್ನೋ ದೂರಲ್ಲ. ವಿಜ್ಞಾನ.”

“ಗೊತ್ತು. ಕರೆಂಟ್ ಹೋದ್ರೆ ನಾವು ಲೈನ್‌ಮನ್ನನ್ನ ಕಳಿಸ್ತಿದ್ವಿ. ನೀವು ಯಾರನ್ನ ಕಳಿಸ್ತೀರಿ?”

ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು, ಕನ್ನಡಕ ಒರೆಸಿಕೊಂಡರು. ಅರ್ಜಿ ಹಾಕಿದವನು ತೀರ್ಮಾನದ ಹೊತ್ತಿಗೆ ಕೋಣೆಯಲ್ಲಿ ಇರಕೂಡದು ಎಂಬುದು ನಿಯಮ. ಖಾಂಬೇಟೆ ಎಲ್ಲರಿಗೂ ನಮಸ್ಕಾರ ಹೇಳಿ ಹೊರಗೆ ಹೋದ. ಒಳಗಿದ್ದವರಿಗೆಲ್ಲ ಅವನ ಹಂಗು, ಒಬ್ಬೊಬ್ಬರೂ ಒಪ್ಪಿಗೆಯೆಂದು ತಲೆಯಾಡಿಸಿದರು. ನಾನು ಚೀಲ ಎತ್ತಿಕೊಂಡು ಎದ್ದೆ.

“ನಾನು ಹೊರಟೆ. ಕೋರಂ ಇಲ್ಲದೆ ಅದೇನು ಪಾಸು ಮಾಡ್ತೀರೋ ಮಾಡಿ.”

ಕಾರ್ಯದರ್ಶಿ ಡಾ. ಅಶ್ವಿನಿ ಬೋಡಸ್ ಗಾಬರಿಯಾಗುತ್ತಾಳೆ ಅಂದುಕೊಂಡಿದ್ದೆ. ಅವಳು ತಲೆಯೆತ್ತದೆ, “ಹೋಗಿ ಬನ್ನಿ ಕಾಕು. ಬದಲಿ ಸದಸ್ಯರು ಹೊರಗೆ ಇದ್ದಾರೆ. ನೇಮಕದ ಆದೇಶವೂ ಆಗಿದೆ,” ಅಂದಳು.

ನನ್ನ ಮೈ ಉರಿದುಹೋಯಿತು. ಯಾರನ್ನು ತಂದಿದ್ದಾರೋ ನೋಡೇಬಿಡೋಣ ಎಂದು ಬಾಗಿಲು ತಳ್ಳಿಕೊಂಡು ಹೊರಬಂದೆ.

ಪಡಸಾಲೆಯ ಬೆಂಚಿನ ಮೇಲೆ, ಖಾಂಬೇಟೆಯ ಪಕ್ಕ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ನನ್ನ ಗಂಡ ಮುಕುಂದ ಖಿಚಡಿ ತಿನ್ನುತ್ತಿದ್ದರು.

ಬೆಳಿಗ್ಗೆ ಆ ಶರಟಿಗೆ ಇಸ್ತ್ರಿ ಮಾಡಿಕೊಟ್ಟವಳು ನಾನೇ. ಗೆಳೆಯನ ಮೊಮ್ಮಗನ ಮುಂಜಿ ಅಂದಿದ್ದರು.

“ರೀ!”

“ವಿಮಲ್, ಹಾಗಲ್ಲ... ಡಾಕ್ಟ್ರೇ ಫೋನ್ ಮಾಡಿದ್ರು. ನಿಂಗೆ ಬಿ.ಪಿ., ಸುಸ್ತಾಗುತ್ತೆ, ಒಂದು ಸಹಿ ಹಾಕಿ ಹೋಗಿ ಅಂದ್ರು. ಬೇಡ ಅನ್ನೋಕಾಗ್ಲಿಲ್ಲ.”

ಇವರಿಗೆ ಜೀವನದಲ್ಲಿ ಯಾರಿಗೂ ಬೇಡ ಅನ್ನಲಾಗಲಿಲ್ಲ. ಪಾತ್ರೆ ಮಾರುವವನಿಗೂ ಇಲ್ಲ, ವಿಮೆಯವನಿಗೂ ಇಲ್ಲ. ಖಾಂಬೇಟೆ ಅದನ್ನು ಮೂಸಿ ನೋಡಿಯೇ ಹಿಡಿದಿದ್ದ. ಈಗ ಚಹಾದ ಕಪ್ಪಿನ ಹಿಂದೆ ನಗುತ್ತಿದ್ದ. ಅವನ ಮುಖಕ್ಕೆ ಆ ಚಹಾ ಎರಚಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಎರಚಲಿಲ್ಲ. ಠಕೂಬಾಯಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಗಂಡನ ಕೈಗೆ ತುರುಕಿದೆ. “ಸಹಿ ಹಾಕೋರು ನೀವಲ್ವಾ? ನೀವೇ ಹೇಳಿ ಆಕೆಗೆ.”

“ಹಲೋ,” ಅಂದರು ಪಾಪದ ಧ್ವನಿಯಲ್ಲಿ.

“ಸಾಹೇಬ್ರೇ, ನನ್ ಸೋನಿಗೆ ಚುಚ್ಚಬ್ಯಾಡ್ರೀ! ನಿಮ್ ಕಾಲಿಗೆ ಬೀಳ್ತೀನಿ!”

“ಇಲ್ಲಮ್ಮ, ಅವಳನ್ನ ಬಿಟ್ಟಿದ್ದಾರಂತೆ, ಡಾಕ್ಟ್ರು ಈಗ್ತಾನೆ ಹೇಳಿದ್ರು.”

“ಮತ್ತೆ ಅವಳ ಪಕ್ಕ ಮಲಗ್ತಾಳಲ್ಲ, ರೇಷ್ಮಾ? ನಮ್ ನಾದಿನಿ ಮಗಳು. ಅವಳವ್ವ ಇಲ್ಲೇ ಕಬ್ಬು ಕಟ್ತಾವಳೆ. ತಡೀರಿ, ಕೊಡ್ತೀನಿ.”

ಕಬ್ಬಿನ ಸೋಗೆಯ ಸರಸರ ಸದ್ದಾಯಿತು. ಇನ್ನೊಂದು ಧ್ವನಿ ಬಂತು. ನಮ್ಮ ರೇಷ್ಮಾಗೆ ಏನು ಕೊಡ್ತೀರಿ ಸಾಹೇಬ್ರೇ, ಅದು ಆಗಾಗ ಕಣ್ಣು ಮೇಲೆ ಮಾಡಿ ಬಿದ್ದುಬಿಡ್ತದೆ. ಅದಾದ ಮೇಲೆ ಮತ್ತೊಬ್ಬಳು. ಫೋನು ಗದ್ದೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಕೂಲಿಯವರ ಮೇಸ್ತ್ರಿ ಮುಕಾದಮ ಹಿಂದಿನಿಂದ ಬೈಯುತ್ತಿದ್ದ, ಹೆಂಗಸರು ಅವನಿಗೆ ಎರಡರಷ್ಟು ಬೈಯುತ್ತಿದ್ದರು. ಇವರು ಪ್ರತಿಯೊಬ್ಬಳಿಗೂ, “ಆಯ್ತಮ್ಮ, ನೀವು ಬರೋವರೆಗೂ ಯಾರೂ ಮುಟ್ಟಲ್ಲಮ್ಮ,” ಅನ್ನುತ್ತಿದ್ದರು. ಬೇಡ ಅನ್ನಲು ಬರುವುದಿಲ್ಲವಲ್ಲ. ಖಿಚಡಿ ತಣ್ಣಗಾಯಿತು.

ಬೋಡಸ್ ಬಾಗಿಲಿನಿಂದ ತಲೆ ಹಾಕಿದಳು. “ಕಾಕಾ, ಒಳಗೆ ಬನ್ನಿ. ಎಲ್ಲರೂ ಕಾಯ್ತಿದ್ದಾರೆ.”

“ಬರೋಕಾಗಲ್ಲಮ್ಮ,” ಅಂದರು ಇವರು. ಕಣ್ಣು ಕೆಂಪಾಗಿತ್ತು. “ಇವರಿಗೆಲ್ಲ ಮಾತು ಕೊಟ್ಬಿಟ್ಟೆ.”

ಅಲ್ಲಿಗೆ ಕೋರಂ ಮುರಿಯಿತು. ಖಾಂಬೇಟೆ ದಡಕ್ಕನೆ ಎದ್ದ. “ಮುದಿತನಕ್ಕೆ ಬುದ್ಧಿ ಕೆಟ್ಟಿದೆಯೇನ್ರೀ ಇಬ್ಬರಿಗೂ? ನನ್ನ ಎರಡು ವರ್ಷದ ಕೆಲಸ!”

“ಅಮ್ಮಂದಿರು ಎಲ್ಲಿ ಸಿಗ್ತಾರೆ ಅಂದ್ರಲ್ಲ ಡಾಕ್ಟ್ರೇ,” ಅಂದೆ. “ಸಿಕ್ಕಿದ್ದಾರೆ. ಮಾತಾಡಿ.”

ಮುಕುಂದ ಫೋನನ್ನು ಅವನ ಕಡೆ ಚಾಚಿದರು. ಖಾಂಬೇಟೆ ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಅವರಿಗೆ ನಾನು ಏನಂತ ಹೇಳ್ಲಿ?” ಅಂದ. ನಿಜವಾಗಿಯೂ ಗೊತ್ತಿಲ್ಲದವನ ಹಾಗಿತ್ತು ಅವನ ಮುಖ.

“ಹಲೋ? ಡಾಕ್ಟ್ರು ಬಂದ್ರಾ?” ಅಂದಳು ಅತ್ತಲಿಂದ ಹೊಸಬಳೊಬ್ಬಳು. “ನಾನು ಪಾಂಡ್ಯಾನ ಅವ್ವ. ಮುಂದಿನ ಹಲ್ಲು ಬಿದ್ದೈತಲ್ಲ, ಅವನು. ಅವನು ಊಟ ಮಾಡ್ತಾನಾ, ಸಾಹೇಬ್ರೇ?”

ಖಾಂಬೇಟೆ ಮೆಟ್ಟಿಲಿಳಿದು ಹೋದ. ಪಾಂಡ್ಯಾ ಊಟ ಮಾಡುತ್ತಾನೋ ಇಲ್ಲವೋ ನಮಗೂ ಗೊತ್ತಿರಲಿಲ್ಲ.