ದೋಸೆಯ ಕುಶಲನ ಬಿಡುಗಡೆ

ಥಾಣೆ ಸ್ಟೇಷನ್ನಿನ ಹತ್ತಿರದ ಆ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯಲು ನಿಂತು ಎಷ್ಟು ವರ್ಷವಾಯಿತೆಂದು ಕೇಳಿದರೆ ಕುಶಲನಿಗೇ ಗೊತ್ತಿಲ್ಲ. ಮೀಸೆ ಮೂಡುವ ಮೊದಲು ಕಾರ್ಕಳದ ಕಡೆಯಿಂದ ಬಂದವನು. ಕಪ್ಪು ಬಸಿ ತೊಳೆದ, ಟೇಬಲ್ ಒರೆಸಿದ, ಕೊನೆಗೆ ಕಾವಲಿಯ ಮುಂದೆ ನಿಂತ. ಹೋಟೆಲಿನ ಅಟ್ಟದಲ್ಲಿ ಮಲಗುವುದು, ಹೋಟೆಲಿನಲ್ಲೇ ಉಣ್ಣುವುದು, ಧಣಿ ಶೇಖರ ಶೆಟ್ಟರು ಬೈದರೆ ತಲೆ ತಗ್ಗಿಸುವುದು ಅಲ್ಲಿನ ಪದ್ಧತಿ. ಅಪ್ಪ ಸತ್ತ ಸುದ್ದಿ ಬಂದದ್ದು ಚೌತಿಯ ಗಿರಾಕಿಯ ನಡುವೆ. "ನೀನು ಹೋಗಿ ಎಂತ ಮಾಡ್ಲಿಕ್ಕುಂಟು? ನೀ ಮುಟ್ಟುವವರೆಗೆ ಹೆಣ ಕಾಯ್ತದಾ?" ಎಂದಿದ್ದರು ಶೆಟ್ಟರು. ಕುಶಲ ಅಪ್ಪನ ಉತ್ತರಕ್ರಿಯೆಯ ಬೊಜ್ಜದ ದಿನವೂ ಥಾಣೆಯಲ್ಲೇ ದೋಸೆ ಹುಯ್ದ. ಅದೇ ಶೆಟ್ಟರು ಅವನಿಗೆ ಕಾಮಾಲೆಯಾದಾಗ ಅಟ್ಟದಲ್ಲಿ ಮಲಗಿಸಿ, ತಿಂಗಳುಗಟ್ಟಲೆ ಗಂಜಿ ಹಾಕಿಸಿದರು. ಬೈಯುತ್ತಲೇ ಹಾಕಿಸಿದರು, ಆದರೆ ಹಾಕಿಸಿದರು.

ಶೆಟ್ಟರ ಮಗ ಜಯೇಶ್ ಎಂಬಿಎ ಮುಗಿಸಿ ದುಡ್ಡಿನ ಗಲ್ಲೆಯ ಮೇಲೆ ಬಂದು ಕೂತದ್ದು ಎರಡು ಸಾವಿರದ ಹನ್ನೊಂದರಲ್ಲಿ. ಒಳ್ಳೆಯ ಹುಡುಗ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ಕತೆಯಲ್ಲಿ ಖಳನನ್ನು ಹುಡುಕುವವರಿಗೆ ನಿರಾಶೆಯಾದೀತು. ತಟ್ಟೆ ತೊಳೆಯುವವನನ್ನೂ 'ನೀವು' ಎಂದು ಕರೆಯುತ್ತಿದ್ದ. ಅಪ್ಪ ಬೈಯುವುದು ಕೇಳಿದರೆ ಅವನ ಮುಖ ಕೆಂಪಾಗುತ್ತಿತ್ತು.

ಒಂದು ಮಧ್ಯಾಹ್ನ ಊಟದ ಗಿರಾಕಿ ಇಳಿದ ಮೇಲೆ ಅವನು ಕೆಲಸದವರನ್ನೆಲ್ಲ ಕರೆದು ಕೂರಿಸಿದ. ಅದೂ ಗಿರಾಕಿಗಳು ಕೂರುವ ಕುರ್ಚಿಯಲ್ಲಿ! ಕುಶಲ ಅದುವರೆಗೆ ಆ ಕುರ್ಚಿಗಳನ್ನು ಒರೆಸಿದ್ದನೇ ಹೊರತು ಕೂತವನಲ್ಲ.

"ದೇಖೋ, ಪಪ್ಪಾನ ತರೀಕಾ ಪುರಾನಾ," ಎಂದ ಜಯೇಶ್. "ಒಬ್ಬ ಮನುಷ್ಯ ಇನ್ನೊಬ್ಬನ ಆಳು ಅಲ್ಲ. ನಾನು ಲಿಬರಲ್. ನಿಮ್ಮ ಕೆಲಸಕ್ಕೆ ನೀವೇ ಮಾಲಿಕರು, ಯಾರಿಗೆ ಬೇಕಾದ್ರೂ ಮಾರಿ, ನಾನು ಯಾರು ರೋಕ್‌ನೇವಾಲಾ, ತಡೀಲಿಕ್ಕೆ? ಅಟ್ಟ ಬಂದ್. ಬೇಕಾದಲ್ಲಿ ರೂಮ್ ಮಾಡಿ, ಫ್ಯಾಮಿಲಿ ತನ್ನಿ. ಇನ್ನು ಕೆಲಸದವರನ್ನು ಕಳಿಸುವುದು ಒಂದು ಏಜೆನ್ಸಿ, ಪಗಾರ್ ಅದೇ ಕೊಡ್ತದೆ, ಮೊದಲಿಗಿಂತ ಜಾಸ್ತಿ, ಕೆಲಸ ಮಾಡಿದ ದಿನಕ್ಕೆ ಮಾತ್ರ. ಹಳೇ ತರಹವೇ ಬೇಕು ಅಂದ್ರೆ ಅದೂ ಓಕೆ. ನೀವೇ ಹೇಳಿ."

ಹೋಟೆಲಿನಲ್ಲಿ ಹಿರಿಯರು ಬಾಯಿ ಬಿಡುವ ಮೊದಲು ಕಿರಿಯರು ಮಾತಾಡುವ ಕ್ರಮವಿಲ್ಲ. ಎಲ್ಲರೂ ದೋಸೆಯವನ ಮುಖ ನೋಡಿದರು. ಕುಶಲನ ಹೆಂಡತಿ ಸುಂದರಿ ಊರಿನಲ್ಲಿದ್ದಳು. ವರ್ಷಕ್ಕೊಮ್ಮೆ ನೆಂಟನ ಹಾಗೆ ಹೋಗಿ ಬರುವುದೇ ಅವನ ಸಂಸಾರವಾಗಿತ್ತು. ಅವನು ಹೊಸ ಕ್ರಮಕ್ಕೆ ಕೈ ಎತ್ತಿದ. ಒಬ್ಬೊಬ್ಬರಾಗಿ ಇಡೀ ಅಡುಗೆಮನೆ ಕೈ ಎತ್ತಿತು.

ಮೂಲೆಯಲ್ಲಿ ಕೂತಿದ್ದ ಶೆಟ್ಟರು, "ಕುಶಲ, ಹಗ್ಗ ಬಿಚ್ಚುವವ ಹುಲ್ಲು ಹಾಕುವುದಿಲ್ಲ ಮಾರಾಯ," ಎಂದರು.

"ನಾನು ದನ ಅಲ್ಲ ಧಣಿ," ಎಂದ ಕುಶಲ.

ಜನ್ಮದಲ್ಲಿ ಮೊದಲ ಸಲ ಅವನು ಧಣಿಗೆ ಎದುರಾಡಿದ್ದ. ಆಮೇಲೆ ಆದದ್ದೆಲ್ಲ ಗೊತ್ತಿದ್ದೂ ಹೇಳುತ್ತೇನೆ, ಆ ಮಾತಾಡಿದ್ದು ತಪ್ಪಲ್ಲ. ಹಾಗೆ ಹೇಳಲಾಗದೆ ಸತ್ತವರೇ ಈ ಲೋಕದಲ್ಲಿ ಹೆಚ್ಚು.

ಡೊಂಬಿವಲಿಯ ಪೂರ್ವಕ್ಕೆ ಒಂದು ಚಾಳಿನಲ್ಲಿ ರೂಮು ಸಿಕ್ಕಿತು. ಸುಂದರಿ ಬಂದಳು. ಗಾಳಿ ತಿರುಗಿದಾಗ ಕೆಮಿಕಲ್ ಕಂಪನಿಗಳ ವಾಸನೆ ಮೂಗಿಗೆ ಬಡಿದರೂ, ಸಂಜೆ ಬಾಗಿಲು ತೆರೆಯಲು ಒಬ್ಬಳಿದ್ದಾಳೆ ಎಂಬ ಸುಖ ಕುಶಲನಿಗೆ ಹೊಸದು. ಅವಳು ಪಕ್ಕದ ಮನೆಯವರಿಂದ ಮರಾಠಿ ಕಲಿತಳು, ಅವರ ಜೊತೆ ಹಪ್ಪಳ ಲಟ್ಟಿಸುವ ಕೆಲಸಕ್ಕೆ ಹೋಗುತ್ತೇನೆಂದಳು. "ನಾನಿರುವಾಗ ನಿನಗ್ಯಾಕೆ ಆ ಉಸಾಬರಿ?" ಎಂದು ಕುಶಲ ಅಡ್ಡ ಹಾಕಿದ. ಹೊಸದಾಗಿ ಬಿಡುಗಡೆಯಾದ ಗಂಡಸು ಮನೆಯೊಳಗೆ ಬಲುಬೇಗ ಧಣಿಯಾಗುತ್ತಾನೆ.

ಕಾಲು ಮೊದಲೇ ಕೆಟ್ಟಿತ್ತು. ದಿನವಿಡೀ ಕಾವಲಿಯ ಮುಂದೆ ನಿಲ್ಲುವವರಿಗೆ ಮೀನಖಂಡದ ನರಗಳು ಗಂಟುಗಂಟಾಗಿ ಊದಿಕೊಳ್ಳುತ್ತವೆ. ಮೊದಲು ಕೆಲಸ ಮುಗಿದ ಕೂಡಲೇ ಅಟ್ಟ ಹತ್ತಿ ಕಾಲು ಚಾಚುತ್ತಿದ್ದ. ಈಗ ಕೆಲಸದ ಹಿಂದೆ ಮುಂದೆ ಲೋಕಲ್ ರೈಲಿನಲ್ಲಿ, ಉಸಿರಾಡಲೂ ಜಾಗವಿಲ್ಲದ ಗರ್ದಿಯಲ್ಲಿ ನಿಲ್ಲಬೇಕು. ಚರ್ಮ ಕಪ್ಪಗಾಗಿ ಬಿರಿದು ಹುಣ್ಣಾಯಿತು. ಬಟ್ಟೆ ಸುತ್ತಿ, ಮೇಲೆ ಪ್ಯಾಂಟು ಹಾಕಿ ಮುಚ್ಚಿಟ್ಟ. ಕಾವಲಿ ಬಿಟ್ಟುಕೊಟ್ಟ ದೋಸೆಯವನನ್ನು ಹೋಟೆಲಿನಲ್ಲಿ ಯಾರೂ ಲೆಕ್ಕಕ್ಕಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ತನ್ನ ಕೆಲಸಕ್ಕೆ ತಾನೇ ಮಾಲಿಕ ಎಂದಮೇಲೆ ನೋವನ್ನು ಇನ್ಯಾರಿಗೆ ಹೇಳುವುದು?

ಕಲ್ಯಾಣದ ಡಾಕ್ಟರು ನಿಲ್ಲಲೇಬಾರದು ಎಂದರು. ಒಂದು ವಾರ ಮಲಗಿದ, ಎದ್ದು ಹೋದ, ಮತ್ತೆ ಮಲಗಿದ. ಏಜೆನ್ಸಿಯವನು ಕಾವಲಿಗೆ ಬೇರೊಬ್ಬನನ್ನು ಕಳಿಸಿದ. ಮೂರನೆಯ ಸಲ ಹೋದಾಗ, "ಕಾಕಾ, ಆರಾಮ್ ಕರೋ. ಜರೂರತ್ ಬಿದ್ದರೆ ಫೋನ್ ಮಾಡ್ತೇವೆ," ಎಂದು ಮರ್ಯಾದೆಯಿಂದಲೇ ಹೇಳಿದ. ಫೋನು ಬರಲಿಲ್ಲ. ಚಾಳಿನ ಮಾಲಿಕ ಮಾತ್ರ ತಪ್ಪದೆ ಬಂದ, ಈ ತಿಂಗಳ ಬಾಡಿಗೆ ಬಾರದಿದ್ದರೆ ರೂಮು ಖಾಲಿ ಮಾಡಿ ಎಂದು ಹೇಳಿಹೋದ.

ಭಾನುವಾರ ಗಂಡ ಹೆಂಡತಿ ಇಬ್ಬರೂ ಘೋಡಬಂದರ್ ರಸ್ತೆಯ ಶೆಟ್ಟರ ಫ್ಲ್ಯಾಟಿಗೆ ಹೋದರು. ಶೆಟ್ಟರು ಬಾಲ್ಕನಿಯಲ್ಲಿ ಸುಮ್ಮನೆ ಕೂತಿದ್ದರು. ಕುಶಲನನ್ನು ಕಂಡು ಅವರ ಮುಖ ಅರಳಿತು, ಕಾಲು ಕಂಡು ಬಾಡಿತು. ಒಳಗಿನಿಂದ ಜಯೇಶ್ ಬಂದು ಇಬ್ಬರನ್ನೂ ಸೋಫಾದ ಮೇಲೆ ಕೂರಲು ಒತ್ತಾಯಿಸಿದ. ಕುಶಲ ಕೂತ. ಸುಂದರಿ ಗೋಡೆಗೆ ಒರಗಿ ನಿಂತಳು.

"ಅಟ್ಟದಲ್ಲಿ ಒಂದು ಮೂಲೆ ಕೊಡಿ," ಎಂದ ಕುಶಲ. "ಕೂತಲ್ಲೇ ಕಾಯಿ ತುರಿಯುತ್ತೇನೆ, ನೀರುಳ್ಳಿ ಹೆಚ್ಚುತ್ತೇನೆ. ಪಗಾರ ಬೇಡ. ಮೊದಲಿನ ಹಾಗೆ ಇಬ್ಬರಿಗೂ ಊಟ ಹಾಕಿದರೆ ಸಾಕು. ಬೈದರೂ ಅಡ್ಡಿಯಿಲ್ಲ."

ಜಯೇಶನ ಕಣ್ಣು ಒದ್ದೆಯಾಯಿತು. ನಿಜವಾಗಿ ಒದ್ದೆಯಾಯಿತು. "ಕುಶಲಣ್ಣ, ಹೀಗೆ ಕೇಳಬೇಡಿ. ನಿಮ್ಮನ್ನು ಮತ್ತೆ ಆಳು ಮಾಡೂಂತೀರಾ? ಅಟ್ಟ ಈಗ ಎಸಿ ಹಾಲ್. ಕಾಯಿ ತುರಿದೇ ಬರ್ತದೆ. ಔರ್ ನಿಮಗೊಬ್ಬರಿಗೆ ಮಾಡಿದ್ರೆ ಬಾಕಿಯವರಿಗೆ ಅನ್ಯಾಯ. ಸಬ್ ಕೋ ಏಕ್ ಹೀ ರೂಲ್."

"ಕೊಡು ಅವನಿಗೆ ಒಂದು ಮೂಲೆ!" ಎಂದು ಶೆಟ್ಟರು ಬಾಲ್ಕನಿಯಿಂದ ಕೂಗಿದರು. "ನನ್ನ ಹೋಟೆಲು ಅದು!"

"ಪಪ್ಪಾ, ಪ್ಲೀಸ್," ಎಂದ ಮಗ. ಶೆಟ್ಟರು ರಸ್ತೆಯ ಕಡೆ ಮುಖ ತಿರುಗಿಸಿದರು. ಅವರ ಹೋಟೆಲು ಅವರದಾಗಿ ಉಳಿದಿರಲಿಲ್ಲ.

ಕುಶಲನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಜಯೇಶ್ ತನ್ನನ್ನು ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಷ್ಟು ಪ್ರೀತಿಯಿಂದ ಇಲ್ಲವೆನ್ನುವವನನ್ನು ಬೈಯುವುದು ಹೇಗೆ? ಜಯೇಶ್ ಸುಂದರಿಯ ಕಡೆ ತಿರುಗಿದ.

"ಅಕ್ಕ, ಹೋಟೆಲಿನಲ್ಲಿ ಭಾಂಡಿ, ಪಾತ್ರೆ ತೊಳೆಯಲು ಏಜೆನ್ಸಿ ಹೆಂಗಸರನ್ನು ಹುಡುಕ್ತಾ ಇದೆ. ನಿಮ್ಮ ಮರ್ಜಿ. ಜಬರ್‌ದಸ್ತಿ ಏನೂ ಇಲ್ಲ."

"ಅವಳು ಬರುವುದಿಲ್ಲ," ಎಂದ ಕುಶಲ. ತಾನು ಹುಡುಗನಾಗಿದ್ದಾಗ ಕೈಬೆರಳಿನ ಚರ್ಮ ಸುಲಿದುಹೋದ, ಹೋಟೆಲಿನ ಹಿತ್ತಲಿನ ಆ ಪಾತ್ರೆ ತೊಳೆಯುವ ಮೋರಿ ಅವನ ಕಣ್ಣ ಮುಂದೆ ಬಂದಿತ್ತು.

ಸುಂದರಿ ಗಂಡನ ಮುಖ ನೋಡಲಿಲ್ಲ. ಕಾಲಿಗೆ ಸುತ್ತಿದ ಬಟ್ಟೆ ತೊಯ್ದು ಅವನ ಹುಣ್ಣಿನ ನೀರು ಬಿಳಿಯ ಟೈಲ್ಸಿನ ಮೇಲೆ ಇಳಿಯುತ್ತಿತ್ತು. ಅದನ್ನೇ ನೋಡುತ್ತ ಅಂದಳು, "ಇಲ್ಲ, ಜಬರ್‌ದಸ್ತಿ ಯಾರದ್ದೂ ಇಲ್ಲ. ನಾಳೆಯಿಂದ ಬರ್ತೇನೆ."

ಜಯೇಶನಿಗೆ ಸಮಾಧಾನವಾಯಿತು. ಅವಳೇ ತನ್ನ ಬಾಯಿಂದ ಒಪ್ಪಿದ್ದಳು. ಚಹಾ ಮಾಡಿಸುತ್ತೇನೆಂದು ಅವನು ಒಳಗೆ ಹೋದ. ಅಷ್ಟರಲ್ಲಿ ಸುಂದರಿ ಮಂಡಿಯೂರಿ ಕೂತು ಸೆರಗಿನಿಂದ ಟೈಲ್ಸ್ ಒರೆಸತೊಡಗಿದ್ದಳು. ಕೆಲಸ ಶುರುವಾಗುವುದು ನಾಳೆಯಿಂದ ಎಂದು ಅಲ್ಲಿ ಯಾರೂ ಅವಳಿಗೆ ಹೇಳಲಿಲ್ಲ.