ಮಿಲಿಟ್ರಿ ಕೆಂಚಯ್ಯನ ಕಿವಿ

ಕರೆದರೆ ತಿರುಗಿ ನೋಡುವುದಿಲ್ಲ, ಮಿಲಿಟ್ರಿಗೆ ಹೋಗಿ ಬಂದವನ ಧಿಮಾಕು ಎಂದು ಊರು ಕೆಂಚಯ್ಯನನ್ನು ಆಡಿಕೊಳ್ಳುತ್ತಿತ್ತು. ಆಡಿಕೊಳ್ಳಲಿ ಎಂದು ಅವನೂ ಸುಮ್ಮನಿದ್ದ. ಕಿವುಡನಿಗೆ ಯಾರು ಕೆಲಸ ಕೊಡುತ್ತಾರೆ? ಧಿಮಾಕಿನವನಿಗಾದರೆ ಬೈದುಕೊಂಡಾದರೂ ಕೊಡುತ್ತಾರೆ.

ಜಪಾನಿನವರ ಯುದ್ಧದ ಕಾಲದಲ್ಲಿ, ಹೊಟ್ಟೆಗಿಲ್ಲದೆ ತಿಪಟೂರಿನಲ್ಲಿ ರೈಲು ಹತ್ತಿದವನು ಬರ್ಮಾದ ಕಾಡಿನಲ್ಲಿ ಫಿರಂಗಿಗೆ ಗುಂಡು ತುಂಬಿದ್ದ. ಗುಂಡು ಯಾರ ಮೇಲೆ ಬಿತ್ತೋ ಅವನು ಕಾಣ. ಸದ್ದು ಮಾತ್ರ ಅವನ ಬಲಗಿವಿಯನ್ನು ಅಲ್ಲೇ ಮುಗಿಸಿತು. ಒಂದು ಕಂಬಳಿ ಕೊಟ್ಟು ಮನೆಗೆ ಕಳಿಸಿದರು. ಅಲ್ಲಿಂದಾಚೆಗೆ ಊರಿನ ತೆಂಗಿನ ತೋಟದ ಸಾಹುಕಾರ ಗಂಗಾಧರಯ್ಯನವರ ಕೊಬ್ಬರಿ ಅಟ್ಟವೇ ಅವನ ಬದುಕಾಯಿತು.

ಕಾಯಿ ಅಟ್ಟದಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಕೂತರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಹಾಗೆ ಸದ್ದು ಮಾಡದ ಕಾಯಿಯನ್ನು ಒಡೆದರೆ ವರ್ಷವಿಡೀ ಕಾದದ್ದು ಮಣ್ಣುಪಾಲು. ಆರಿಸುವುದೆಲ್ಲ ಕಿವಿಯ ಕೆಲಸ.

ಎಡಗಿವಿಯೂ ಕೈಕೊಟ್ಟಾಗ ಹೆಂಡತಿ ಬೋರಮ್ಮ ಅವನ ಕಿವಿಯಾದಳು. ಸಿಪ್ಪೆ ಒಟ್ಟುವ ನೆಪದಲ್ಲಿ ಅವನ ಎಡಕ್ಕೆ ಕೂರುತ್ತಿದ್ದಳು. ಅವನು ಕಾಯಿ ಅಲ್ಲಾಡಿಸಿ ಅವಳ ಮುಖ ನೋಡುತ್ತಿದ್ದ. ಅವಳು ಕಣ್ಣು ಮುಚ್ಚಿ ತೆರೆದರೆ ಕಾಯಿ ಆಗಿದೆ, ಇಲ್ಲದಿದ್ದರೆ ಇಲ್ಲ. ಮುದುಕನಿಗೆ ಇನ್ನೂ ಹೆಂಡತಿ ಮುಖ ನೋಡುವ ಚಪಲ ಎಂದು ಆಳುಗಳು ನಗುತ್ತಿದ್ದರು. ನಗಲಿ, ಗುಟ್ಟು ಉಳಿಯಿತಲ್ಲ.

ಎಪ್ಪತ್ತೆಂಟನೇ ಇಸವಿಯ ಮಾಗಿಯಲ್ಲಿ ಬೋರಮ್ಮ ಜ್ವರ ಬಂದು ಸತ್ತಳು. ಮಗಳು ಕೊಲ್ಲಾಪುರಮ್ಮ ಮಾಯಸಂದ್ರದಿಂದ ಬಂದು ಅವನ ಕಿವಿಗೆ ಬಾಯಿಟ್ಟು ಕೂಗಿದಳು.

"ನಮ್ಮನೇಗೆ ಬಂದ್ಬುಡಪ್ಪಾ."

ಅಳಿಯ ನೆಲ ನೋಡುತ್ತಿದ್ದ.

"ಅಟ್ಟದ ಕೆಲ್ಸ ಐತೆ ಕಣವ್ವಾ," ಎಂದ ಕೆಂಚಯ್ಯ. ಆ ಕೆಲಸವೊಂದಿರುವ ತನಕ ಅಳಿಯನ ಬಾಗಿಲಲ್ಲಿ ತಟ್ಟೆ ಹಿಡಿಯಬೇಕಾಗಿರಲಿಲ್ಲ.

ಈ ಸಲ ಒಬ್ಬನೇ ಕೂತ. ಅಲ್ಲಾಡಿಸಿದರೆ ಕೈಗೆ ಕುಲುಕಾಟ ತಿಳಿಯುತ್ತಿತ್ತು, ಕುಲುಕಿದ್ದು ನೀರೋ ಕೊಬ್ಬರಿಯೋ ತಿಳಿಯುತ್ತಿರಲಿಲ್ಲ. ಅಂದಾಜಿನ ಮೇಲೆ ಸುಲಿದು ಒಡೆಯುತ್ತಾ ಹೋದ. ಮಧ್ಯಾಹ್ನದ ಹೊತ್ತಿಗೆ ಅರೆ ಒಣಗಿದ ಹೋಳುಗಳ ಗುಡ್ಡೆಯೇ ಆಯಿತು. ಹೆದರಿಕೆಯಿಂದ ಅವನ್ನು ಸಿಪ್ಪೆಯಡಿ ತಳ್ಳಿ ಮುಚ್ಚುತ್ತಿದ್ದಾಗ, ಎದುರಿಗೆ ಗಂಗಾಧರಯ್ಯನವರ ಕಾಲು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಅವರು ಬೈಯಲಿಲ್ಲ. ಒಂದು ಕಾಯಿ ಎತ್ತಿಕೊಂಡು ಅವನ ಕಿವಿಯ ಹತ್ತಿರ ಅಲ್ಲಾಡಿಸಿ, ಏನಂತೀಯ ಎಂಬಂತೆ ಹುಬ್ಬೇರಿಸಿದರು.

ಕೆಂಚಯ್ಯ ಅಭ್ಯಾಸಬಲದಿಂದ ಎಡಕ್ಕೆ ತಿರುಗಿ ನೋಡಿದ. ಅಲ್ಲಿ ಸಿಪ್ಪೆ ಬಿದ್ದಿತ್ತು.

"ಆಗೈತೆ ಬುದ್ಧೀ," ಎಂದ.

ಅವರು ಕಾಯಿಯನ್ನು ಅವನ ಕೈಗೇ ಕೊಟ್ಟರು. ಸುಲಿದು ಒಡೆದ. ನೀರು ಮೊಣಕೈವರೆಗೂ ಹರಿಯಿತು.

ಗಂಗಾಧರಯ್ಯನವರ ತುಟಿ ಅಲ್ಲಾಡಿತು. ಏನಂದರೆಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಕೆಂಚಯ್ಯ ಮಚ್ಚನ್ನು ಪಂಚೆಯಲ್ಲಿ ಒರೆಸಿ ಅವರ ಕಾಲ ಬಳಿ ಇಟ್ಟು, ಮಾಯಸಂದ್ರದ ಬಸ್ಸಿಗೆ ಹೊರಟ.